ಜಪ್ತಿಯಾದರೆ ಆಸ್ತಿ ಕೈಬಿಟ್ಟಂತೆಯೇ?

ಪ್ರಶ್ನೆ: ಒಂದೇ ಸುದ್ದಿಯನ್ನು ಒಂದು ಪತ್ರಿಕೆ ‘ಜಪ್ತಿ’ ಎನ್ನುತ್ತದೆ, ಇನ್ನೊಂದು ‘ಮುಟ್ಟುಗೋಲು’, ಮತ್ತೊಂದು ‘ವಶ’. ಮೂರೂ ಒಂದೇನಾ? ‘ಜಪ್ತಿ’ ಕನ್ನಡದ ಪದವೇ?

ಉತ್ತರ: ಮೂಲ ಅರಬ್ಬಿಯ ‘ಜಬ್ತ್’, ಬಿಗಿಯಾಗಿ ಹಿಡಿದಿಡುವುದು ಎಂದರ್ಥ. ಫಾರಸಿಯ ಮೂಲಕ ಕಚೇರಿ ಭಾಷೆಗೆ ಬಂತು. ‘ತ’ಕಾರದ ಮುಂದೆ ‘ಬ’ ನಿಲ್ಲದೆ ‘ಪ’ ಆಗಿ ನಮ್ಮಲ್ಲಿ ‘ಜಪ್ತಿ’ ಎಂದಾಯಿತು. ಪೊಲೀಸ್ ದಾಖಲೆಗಳಲ್ಲಿ ‘ಜಪ್ತು’ ರೂಪವೂ ಉಂಟು.

ಹಿಡಿದಿಡುವ ಆ ಮೂಲಾರ್ಥ ನೆನಪಿದ್ದರೆ ಗೊಂದಲ ಬಹುಪಾಲು ಕರಗುತ್ತದೆ. ಸಾಲದ ಡಿಕ್ರಿ, ಅಂದರೆ ತೀರ್ಪಿನ ಆದೇಶದ, ಜಾರಿಗೆ ನ್ಯಾಯಾಲಯ ಹೊಲವೊಂದನ್ನು ಜಪ್ತಿ ಮಾಡಿತು ಎನ್ನಿ. ಜಪ್ತಿ ಆದೇಶದ ಪ್ರತಿಯನ್ನು ನ್ಯಾಯಾಲಯದ ಸಿಬ್ಬಂದಿಯಾದ ಅಮೀನ ಹೊಲದಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾನೆ. ಡಂಗುರ ಹೊಡೆಸಿ ಸಾರುವ ಕ್ರಮವೂ ಇದೆ. ಆ ದಿನ ಹೊಲದ ಒಡೆಯ ಬದಲಾಗುವುದಿಲ್ಲ. ಅದನ್ನು ಮಾರುವ, ದಾನ ಕೊಡುವ, ಅಡವಿಡುವ ಕೈ ಮಾತ್ರ ಕಟ್ಟಿಬೀಳುತ್ತದೆ. ಆಮೇಲೆ ಗುಟ್ಟಾಗಿ ಕ್ರಯಪತ್ರ ಮಾಡಿಕೊಟ್ಟರೂ ಜಪ್ತಿಯ ಬಾಕಿಯೆದುರು ಅದು ನಿಲ್ಲದು. ಒಡೆತನ ಹೋಗುವುದು ಹರಾಜಾಗಿ, ಅದನ್ನು ನ್ಯಾಯಾಲಯ ಸ್ಥಿರೀಕರಿಸಿದಾಗ. ನಡುವೆ ಬಾಕಿ ಕಟ್ಟಿದರೆ ಜಪ್ತಿ ತೆರವಾಗುತ್ತದೆ.

ಎಲ್ಲವನ್ನೂ ಜಪ್ತಿ ಮಾಡುವಂತೆಯೂ ಇಲ್ಲ, ಇದು ಎಲ್ಲರಿಗೂ ಗೊತ್ತಿರಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ರೈತನ ಬೇಸಾಯಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ.

‘ಮುಟ್ಟುಗೋಲು’ ಅಚ್ಚಗನ್ನಡ. ಬಳಕೆಯಲ್ಲಿ ಜಪ್ತಿಗೆ ಸಮಾನ ಪದವಾಗಿ ನಡೆಯುತ್ತದೆ; ತೊಡಕೆಂದರೆ, ಪೂರ್ತಿ ಸರ್ಕಾರದ ಪಾಲಾಗುವುದಕ್ಕೂ ಇದೇ ಪದ. ಚುನಾವಣೆಯಲ್ಲಿ ಚಲಾವಣೆಯಾದ ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಪಡೆಯದೆ ಸೋತವರ ‘ಠೇವಣಿ ಮುಟ್ಟುಗೋಲು’ ಅಂದರೆ ಆ ಹಣ ಮರಳಿ ಬಾರದು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಜಾರಿ ನಿರ್ದೇಶನಾಲಯ (ಇ.ಡಿ.) ಹೊರಡಿಸುವ ಮೊದಲ ಜಪ್ತಿ ಆದೇಶವಾದರೋ ತಾತ್ಕಾಲಿಕ, ಹೆಚ್ಚೆಂದರೆ 180 ದಿನದ್ದು. ಅಷ್ಟರೊಳಗೆ ನ್ಯಾಯನಿರ್ಣಯ ಪ್ರಾಧಿಕಾರ ದೃಢಪಡಿಸಬೇಕು. ಅದಕ್ಕೆ ‘ಆಸ್ತಿ ಸರ್ಕಾರದ ಪಾಲು’ ಎಂದು ತಲೆಬರಹ ಕೊಡುವುದು ತಪ್ಪೇ ಸರಿ. ‘ತಾತ್ಕಾಲಿಕ ಜಪ್ತಿ’ ಎಂದೇ ಬರೆಯಬೇಕು.

‘ವಶ’ ಕೈಗೆ ಸಿಗುವ ವಸ್ತುಗಳಿಗೆ ಹೊಂದುತ್ತದೆ: ಕದ್ದ ಬೈಕನ್ನು ಪೊಲೀಸರು ವಶಪಡಿಸಿಕೊಂಡರು. ರಸ್ತೆಗೆಂದು ಪರಿಹಾರ ಕೊಟ್ಟು ಜಮೀನು ಪಡೆದರೆ ಅದು ಭೂಸ್ವಾಧೀನ, ಜಪ್ತಿಯಲ್ಲ.

ಕ್ರಿಯಾಪದದ ಜೋಡಿಯೂ ಗಮನದಲ್ಲಿರಲಿ: ಜಪ್ತಿ ‘ಮಾಡು’ತ್ತಾರೆ, ಮುಟ್ಟುಗೋಲು ‘ಹಾಕಿಕೊಳ್ಳು’ತ್ತಾರೆ.