ಕ್ರೋಮ್ ಅಪ್‌ಡೇಟ್ ಆದ ಕೂಡಲೇ ಟೆಸ್ಟ್ ನಿಂತುಹೋಗುತ್ತಿದೆ

ಪ್ರಶ್ನೆ: ಕಲಬುರಗಿಯ ಅಡತಿ ಅಂಗಡಿಗಳಿಗೆ ತೊಗರಿ ಲೆಕ್ಕ ಇಡುವ ವೆಬ್ ಆ್ಯಪ್ ಮಾಡುತ್ತಿದ್ದೇವೆ. ಭಾಷೆ ಜಾವಾ 17, ಬಿಲ್ಡ್ ಮಾಡಲು ಮೇವನ್. ಬ್ರೌಸರನ್ನು ತಾನಾಗಿ ಓಡಿಸಿ ಟೆಸ್ಟ್ ಮಾಡುವ ಸೆಲೆನಿಯಂ ಸೇರಿಸಿ, ಅದಕ್ಕೂ ಕ್ರೋಮ್‌ಗೂ ನಡುವೆ ಕೆಲಸ ಮಾಡುವ ಕ್ರೋಮ್‌ಡ್ರೈವರ್ ಡೌನ್‌ಲೋಡ್ ಮಾಡಿ ಟೆಸ್ಟ್ ಬರೆದೆ. ಕ್ರೋಮ್ ಅಪ್‌ಡೇಟ್ ಆದ ಮೇಲೆ ‘ಸೆಷನ್ ನಾಟ್ ಕ್ರಿಯೇಟೆಡ್’ ಎಂಬ ಎರರ್. ಇನ್ನೊಂದು, ‘ತೊಗರಿ’ ಎಂದು ಹುಡುಕುವ ಟೆಸ್ಟ್ ನನ್ನ ಲಿನಕ್ಸ್‌ನಲ್ಲಿ ಪಾಸ್, ಗೆಳೆಯನ ವಿಂಡೋಸ್‌ನಲ್ಲಿ ಫೇಲ್. ಏನು ಮಾಡಲಿ?

ಉತ್ತರ: ನಿಮ್ಮ ಟೆಸ್ಟ್‌ನಲ್ಲಿ ತಪ್ಪಿಲ್ಲ, ಸೆಟಪ್ ಸರಿಮಾಡಿದರೆ ಸಾಕು.

ಕ್ರೋಮ್ ತಾನಾಗಿಯೇ ಅಪ್‌ಡೇಟ್ ಆಗುತ್ತದೆ, ನೀವು ಇಳಿಸಿಟ್ಟ ಡ್ರೈವರ್ ಆಗುವುದಿಲ್ಲ. ಎರಡರ ವರ್ಷನ್ ತಾಳೆಯಾಗದಿದ್ದರೆ ಬ್ರೌಸರ್ ತೆರೆಯುವುದೇ ಇಲ್ಲ. ಡ್ರೈವರ್ ಹುಡುಕಿ ತರುವ ಈ ಕೆಲಸ ಈಗ ನಿಮಗೆ ಬೇಕಿಲ್ಲ. 2022ರಲ್ಲಿ ಬಂದ ಸೆಲೆನಿಯಂ 4.6ರಿಂದ ಅದರೊಳಗೇ ಸೆಲೆನಿಯಂ ಮ್ಯಾನೇಜರ್ ಇದೆ. ನಿಮ್ಮ ಕ್ರೋಮ್ ಯಾವುದೆಂದು ನೋಡಿ, ಸರಿಹೊಂದುವ ಡ್ರೈವರನ್ನು ಅದೇ ತಂದುಕೊಳ್ಳುತ್ತದೆ. ಮೊದಲ ಸಲ ಇಂಟರ್ನೆಟ್ ಬೇಕು, ಅಷ್ಟೇ. ಹಾಗಾಗಿ ಮೇವನ್ ಸೆಟ್ಟಿಂಗ್ ಇರುವ ಪಾಮ್ ಫೈಲಿನಲ್ಲಿ (pom.xml) ಇತ್ತೀಚಿನ ಸೆಲೆನಿಯಂ ಹಾಕಿ, ಕೋಡಿನಲ್ಲಿ ಡ್ರೈವರ್ ಇರುವ ಜಾಗ ಹೇಳುವ ‘ಸೆಟ್ ಪ್ರಾಪರ್ಟಿ’ ಸಾಲನ್ನು ಅಳಿಸಿ. ಹಳೆ ಡ್ರೈವರ್ ಫೈಲನ್ನೂ ಪಾತ್‌ನಿಂದ (ಸಿಸ್ಟಮ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳಿಂದ) ತೆಗೆಯಿರಿ. ಅದು ಅಲ್ಲೇ ಇದ್ದರೆ ಸೆಲೆನಿಯಂ ಮತ್ತೆ ಅದನ್ನೇ ಹಿಡಿಯುತ್ತದೆ. ಬಹಳ ಜನ ಇದನ್ನು ಮರೆತು ಸುಮ್ನೆ ಒದ್ದಾಡುತ್ತಾರೆ. ಪಾಮ್‌ನಲ್ಲಿ ಸೆಲೆನಿಯಂ ಡಿಪೆಂಡೆನ್ಸಿಯ ಸ್ಕೋಪ್ ‘ಟೆಸ್ಟ್’ ಎಂದಿರಲಿ, ಇಲ್ಲದಿದ್ದರೆ ಸೆಲೆನಿಯಂ ಜಾರ್‌ಗಳೆಲ್ಲ ಸರ್ವರ್‌ಗೆ ಹಾಕುವ ನಿಮ್ಮ ವಾರ್ ಫೈಲಿನೊಳಗೆ ಹೋಗಿ ಕೂರುತ್ತವೆ.

ಇನ್ನು ಕನ್ನಡದ ವಿಷಯ. ನಮ್ಮವರು ಬಳಸುವ ಆ್ಯಪ್ ಕನ್ನಡದಲ್ಲೇ ಟೆಸ್ಟ್ ಆಗಬೇಕು, ನೀವು ಮಾಡಿದ್ದು ಸರಿ. ‘ತೊಗರಿ’ಯಲ್ಲಿ 5 ಯುನಿಕೋಡ್ ಸಂಕೇತಗಳಿವೆ. ಸಂಕೇತಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆಯುವ ಎನ್‌ಕೋಡಿಂಗ್ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಎನ್‌ಕೋಡಿಂಗ್ ಯಾವುದೆಂದು ಹೇಳದಿದ್ದರೆ ಜಾವಾ 17ರ ಕಂಪೈಲರ್ ವಿಂಡೋಸ್‌ನಲ್ಲಿ ಆ ಸಿಸ್ಟಮ್‌ನ ಎನ್‌ಕೋಡಿಂಗ್‌ನಲ್ಲೇ ಫೈಲ್ ಓದುತ್ತದೆ, ಅದು ಸಾಮಾನ್ಯವಾಗಿ ಯುಟಿಎಫ್-8 ಅಲ್ಲ. ಆಗ 15 ಬೈಟ್ 15 ಬಿಡಿ ಅಕ್ಷರಗಳಾಗಿ, ಹುಡುಕುವ ಪೆಟ್ಟಿಗೆಗೆ ಕಸ ಟೈಪ್ ಆಗುತ್ತದೆ. ಪಾಮ್‌ನ ಪ್ರಾಪರ್ಟೀಸ್‌ನಲ್ಲಿ ಸೋರ್ಸ್ ಎನ್‌ಕೋಡಿಂಗ್ ‘ಯುಟಿಎಫ್-8’ ಎಂದು ಬರೆಯಿರಿ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆ, ಆದರೂ ಬರೆದಿಡುವುದೇ ಒಳ್ಳೆಯದು.

ಹುಡುಕಿದ ಫಲಿತಾಂಶ ಬರಲಿ ಎಂದು ಇಂತಿಷ್ಟು ಹೊತ್ತು ಸುಮ್ನೆ ಕಾಯುವ ‘ಥ್ರೆಡ್ ಸ್ಲೀಪ್’ ಹಾಕಿದ್ದರೆ ತೆಗೆದು, ‘ವೆಬ್‌ಡ್ರೈವರ್ ವೇಟ್’ ಬಳಸಿ. ಫಲಿತಾಂಶದ ಸಾಲು ಕಂಡ ಕೂಡಲೇ ಅದು ಮುಂದೆ ಹೋಗುತ್ತದೆ. ಬ್ರೌಸರ್ ಟೆಸ್ಟ್ ಕ್ಲಾಸ್‌ಗಳ ಹೆಸರು ‘ಐಟಿ’ (IT) ಎಂದು ಮುಗಿಯಲಿ, ಅವನ್ನು ಬೇರೆಯಾಗಿ ಓಡಿಸುವ ಮೇವನ್‌ನ ಫೇಲ್‌ಸೇಫ್ ಪ್ಲಗಿನ್ ಸೇರಿಸಿ. ಆಗ ಅವು ‘ಮೇವನ್ ವೆರಿಫೈ’ ಕೊಟ್ಟಾಗ ಓಡುತ್ತವೆ, ದಿನವಿಡೀ ಓಡಿಸುವ ಸಣ್ಣ ಟೆಸ್ಟ್‌ಗಳು ನಿಧಾನವಾಗುವುದಿಲ್ಲ. ಪ್ರತಿ ಟೆಸ್ಟ್ ಮುಗಿದ ಮೇಲೆ ‘ಕ್ಲೋಸ್’ ಬೇಡ, ‘ಕ್ವಿಟ್’ ಕರೆಯಿರಿ. ‘ಕ್ಲೋಸ್’ ಆ ಒಂದು ವಿಂಡೋ ಮಾತ್ರ ಮುಚ್ಚುತ್ತದೆ, ಡ್ರೈವರ್ ಹಿಂದೆ ಓಡುತ್ತಲೇ ಇದ್ದು ಮೆಮೊರಿ ತಿನ್ನುತ್ತದೆ.