ಹನ್ನೆರಡು ವರ್ಷಗಳ ನಂತರ ತಣ್ಣೀರಿನ ಡೈವಿಂಗ್‌ಗೆ ಮರಳುತ್ತಿದ್ದೇನೆ, ವಯಸ್ಸು 50 ದಾಟಿದೆ, ಬಿಪಿ ಮಾತ್ರೆ ತಗೊಳ್ಳುತ್ತೇನೆ. ಹಳೇ ಡ್ರೈಸೂಟ್ (ನೀರು ಒಳಗೆ ಬಿಡದ ಡೈವಿಂಗ್ ಉಡುಪು) ಇದೆ, ಸೀದಾ ಇಳಿಯಬಹುದಾ? ರಿಫ್ರೆಶರ್ ಕೋರ್ಸ್ ಬೇಕಾ?

ಬೇಡ. ನಾನೂ 14 ವರ್ಷ ಬಿಟ್ಟು ಮರಳಿದವನು, ಸೀದಾ ಇಳಿಯಲು ಹೋಗಿ ನಗೆಪಾಟಲಾದವನು.

ಸರ್ಟಿಫಿಕೇಟ್‌ಗೆ ಅವಧಿ ಮುಗಿಯುವುದಿಲ್ಲ, ನಿಜ. ಆದರೆ ಸೂಟ್‌ನ ರಬ್ಬರ್‌ಗೆ ಮುಗಿಯುತ್ತದೆ. ನನ್ನ ಡ್ರೈಸೂಟ್ ಮಡಚಿಟ್ಟ ಹಾಗೇ ಇತ್ತು, ನೋಡಲು ಹೊಸದರಂತಿತ್ತು. ಕುತ್ತಿಗೆಯಲ್ಲಿ ನೀರು ತಡೆಯುವ ಲೇಟೆಕ್ಸ್ (ತೆಳು ರಬ್ಬರ್) ಸೀಲ್‌ಗೆ ಪೌಡರ್ ಹಚ್ಚಿ ತಲೆ ತೂರಿಸಿದೆ. ಕಿವಿಯ ಹತ್ತಿರ ಬಂದಾಗ ಪಟ್ ಅಂತ ಸದ್ದು. ಮೂರು ಬೆರಳಗಲ ಹರಿದಿತ್ತು. ದಡದಲ್ಲೇ ಹರಿಯಿತಲ್ಲ, ಅದೇ ಪುಣ್ಯ. ಆರು ಡಿಗ್ರಿ ನೀರಿನೊಳಗೆ ಹರಿದಿದ್ದರೆ ಕತೆಯೇ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಲೇಟೆಕ್ಸ್ ಬಳಸದೆ ಇಟ್ಟರೂ ಹಾಳಾಗುತ್ತದೆ. ಸೀಲ್ ಎಳೆದು ನೋಡಿ, ಸಣ್ಣ ಬಿರುಕು ಕಂಡರೆ ಅಥವಾ ಬೆರಳಿಗೆ ಅಂಟಂಟಾದರೆ ಬದಲಾಯಿಸಿ. ನೀವು 12 ವರ್ಷ ಅಂದಿದ್ದೀರಿ, ನೋಡದೆಯೂ ಬದಲಾಯಿಸಬಹುದು ಬಿಡಿ. ಜಿಪ್ಪು, ವಾಲ್ವ್‌ಗಳನ್ನೂ ತೋರಿಸಿ.

ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಉಪಕರಣ, ಸರ್ವಿಸ್ ಮಾಡಿಸದೆ ಮುಟ್ಟಲೇಬೇಡಿ. ಸರ್ವಿಸ್‌ಗೆ ಕೊಡುವಾಗ ಅದು ತಣ್ಣೀರಿಗೆ ಆಗುತ್ತದಾ ಅಂತ ಕೇಳಿ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿ ಫಸ್ಟ್ ಸ್ಟೇಜ್‌ನಲ್ಲಿ (ರೆಗ್ಯುಲೇಟರಿನ ಸಿಲಿಂಡರಿಗೆ ಕೂರುವ ಭಾಗ) ಒಮ್ಮೆಲೇ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಹಾಗೆ ಹಿಗ್ಗುವಾಗ ಗಾಳಿ ತುಂಬಾ ತಣ್ಣಗಾಗುತ್ತದೆ. ಸುತ್ತಲ ನೀರೂ ಮಂಜುಗಡ್ಡೆಯ ಹತ್ತಿರವೇ ಇದ್ದರೆ ಒಳಗೆ ಹೆಪ್ಪುಗಟ್ಟಿ, ವಾಲ್ವ್ ತೆರೆದಂತೆಯೇ ಸಿಕ್ಕಿಕೊಂಡು, ಗಾಳಿ ಬುಸುಬುಸು ಅಂತ ಹೊರಗೆ ಹರಿಯುತ್ತದೆ. ಅದೇ ಫ್ರೀ ಫ್ಲೋ. ಆದ್ದರಿಂದ ಕೊರೆಯುವ ಚಳಿಯಲ್ಲಿ ದಡದ ಮೇಲೆ ನಿಂತು ಸುಮ್ನೆ ಉಸಿರೆಳೆದು ಪರೀಕ್ಷಿಸಬೇಡಿ. ನೀರಿನೊಳಗೆ ಉಸಿರೆಳೆಯುತ್ತಲೇ ಅದೇ ಸಿಲಿಂಡರಿನಿಂದ ಸೂಟ್‌ಗೆ ಒಂದೇ ಸಮನೆ ಗಾಳಿ ತುಂಬಬೇಡಿ, ಚಿಕ್ಕ ಚಿಕ್ಕದಾಗಿ ಒತ್ತಿ. ಫ್ರೀ ಫ್ಲೋ ಆದರೆ ತುಟಿ ಬಿಗಿಯದೆ ಬೇಕಾದಷ್ಟೇ ಗಾಳಿ ಹೀರುತ್ತಾ ಬಡ್ಡಿ (ಜೊತೆಗೆ ಇಳಿದ ಡೈವರ್) ಜೊತೆ ಮೇಲೆ ಬರಬೇಕು. ಇದನ್ನು ಈಜುಕೊಳದಲ್ಲಿ ಒಮ್ಮೆಯಾದರೂ ಮಾಡಿ. ರಿಫ್ರೆಶರ್ ಕೋರ್ಸ್ ಬೇಕಾ ಅಂತಲೂ ಕೇಳಿದ್ದೀರಲ್ಲ, ಬೇಕು. ಜೊತೆಗೆ ಕಾಲು ಮೇಲಾಗಿ ಸೂಟ್‌ನ ಗಾಳಿ ಪಾದಕ್ಕೆ ಹೋದಾಗ ಮಂಡಿ ಮಡಚಿ ಉರುಳಿ ನೆಟ್ಟಗಾಗುವುದನ್ನೂ ಅಲ್ಲೇ ಕಲಿಯಿರಿ.

ವಯಸ್ಸು 50 ದಾಟಿದೆ, ಬಿಪಿ ಮಾತ್ರೆ ತಗೊಳ್ಳುತ್ತೀರಿ ಅಂದಿರಿ. ನನಗೆ ಉಳಿದೆಲ್ಲಕ್ಕಿಂತ ಇದೇ ದೊಡ್ಡ ವಿಷಯ. ಚಳಿಗೆ ಕೈಕಾಲಿನ ರಕ್ತನಾಳ ಕುಗ್ಗುತ್ತವೆ, ನೀರೂ ಸುತ್ತಲಿಂದ ಒತ್ತುತ್ತದೆ. ರಕ್ತ ಎದೆಯ ಕಡೆ ಸರಿಯುತ್ತದೆ. ಕೆಲವರಿಗೆ ಶ್ವಾಸಕೋಶದೊಳಗೆ ನೀರಿನಂಥ ದ್ರವ ತುಂಬಿಕೊಳ್ಳುತ್ತದೆ, ಬಿಪಿ ಇದ್ದವರಿಗೆ ಈ ಅಪಾಯ ಜಾಸ್ತಿ. ನೀರೊಳಗೆ ಕಾರಣವಿಲ್ಲದೆ ಏದುಸಿರು, ಕೆಮ್ಮು ಬಂದರೆ "ಅಭ್ಯಾಸ ತಪ್ಪಿದೆ, ಅಷ್ಟೇ" ಅಂತ ಮುಂದುವರಿಯಬೇಡಿ. ಆ ಡೈವ್ ಅಲ್ಲಿಗೇ ಮುಗಿಸಿ ಮೇಲೆ ಬನ್ನಿ, ವೈದ್ಯರ ಹತ್ತಿರ ಹೋಗಿ. ಮೊದಲೇ ಒಮ್ಮೆ ಡೈವಿಂಗ್ ಗೊತ್ತಿರುವ ವೈದ್ಯರಿಗೆ ತೋರಿಸಿಕೊಳ್ಳಿ.

ಹಳೇ ಲಾಗ್‌ಬುಕ್‌ನಲ್ಲಿ (ಡೈವ್‌ಗಳ ದಾಖಲೆ ಪುಸ್ತಕ) ಬರೆದಿಟ್ಟ, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕದ ಲೆಕ್ಕ ಮರೆತುಬಿಡಿ. ಮೈ ಬದಲಾಗಿದೆ, ಅಲ್ವಾ? ಗಾಳಿ ಖರ್ಚಾಗಿ ಸಿಲಿಂಡರ್ ಹಗುರಾಗಿ 50 ಬಾರ್ ಉಳಿದಾಗಲೂ ಐದು ಮೀಟರಿನಲ್ಲಿ ಕದಲದೆ ನಿಲ್ಲಲು ಆಗಬೇಕು, ಅಷ್ಟು ತೂಕ ಸಾಕು.

ನನಗೆ ತುಂಬಾ ಅವಮಾನ ಮಾಡಿದ್ದು ಬೆರಳುಗಳು. ದಪ್ಪ ಗ್ಲೌಸ್, ಇಪ್ಪತ್ತು ನಿಮಿಷದ ಚಳಿ. ಟಾರ್ಚ್‌ನ ಕ್ಲಿಪ್ ಕೈಯಲ್ಲೇ ಇದೆ, ಹೆಬ್ಬೆರಳು ಒತ್ತುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಕೊನೆಗೆ ಬಡ್ಡಿಯೇ ಬಂದು, ಚಿಕ್ಕ ಮಗುವಿಗೆ ಗುಂಡಿ ಹಾಕುವ ಹಾಗೆ, ಹಾಕಿಕೊಟ್ಟ. ಆಮೇಲೆ ಎರಡು ವಾರ ಮನೆಯಲ್ಲಿ ಗ್ಲೌಸ್ ಹಾಕಿಕೊಂಡು, ಕಣ್ಣು ಮುಚ್ಚಿ, ಇನ್‌ಫ್ಲೇಟರ್ (ಗಾಳಿ ತುಂಬುವ ಗುಂಡಿ) ಎಲ್ಲಿ, ಗಾಳಿ ಬಿಡುವ ಭುಜದ ವಾಲ್ವ್ ಎಲ್ಲಿ, ಕ್ಲಿಪ್ ಎಲ್ಲಿ ಅಂತ ತಡಕಾಡಿದೆ. ಮನೆಯವರು ನಕ್ಕರು, ನಗಲಿ.

ಮೊದಲ ಕೆಲವು ಡೈವ್ ಹತ್ತು ಮೀಟರ್ ಒಳಗಿರಲಿ, ನಡುಕ ಶುರುವಾಗುವ ಮುಂಚೆಯೇ ಮುಗಿಯಲಿ. ಡೈವ್‌ನ ಕೊನೆಗೆ ಮೈ ತಣ್ಣಗಿದ್ದರೆ, ನೀರಿನೊಳಗೆ ಉಸಿರಾಡುವಾಗ ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಬರುವುದು ನಿಧಾನ. ಮೈ ಒಮ್ಮೆಲೇ ಬಿಸಿಯಾದರೆ ಅದು ಗುಳ್ಳೆಯಾಗಬಹುದು. ಹಾಗಾಗಿ ಮೇಲೆ ಬಂದ ಕೂಡಲೇ ಬಿಸಿನೀರಿನ ಸ್ನಾನಕ್ಕೆ ಓಡಬೇಡಿ, ಒಣಗಿಸಿಕೊಂಡು ಬೆಚ್ಚನೆಯ ಬಟ್ಟೆ ಹಾಕಿ ಸ್ವಲ್ಪ ಕೂರಿ.

ಇಳಿಯುವ ಮುಂಚೆ ಮಾಸ್ಕ್ ಹಾಕದೆ ಒಂದೆರಡು ಸಲ ಮುಖಕ್ಕೆ ಆ ನೀರು ಎರಚಿಕೊಳ್ಳಿ. ಹಣೆಗೆ ಸೂಜಿ ಚುಚ್ಚಿದಂತಾಗುತ್ತದೆ, ಉಸಿರು ಗಕ್ಕನೆ ನಿಲ್ಲುತ್ತದೆ. ಆ ಮೊದಲ ಗಕ್ ದಡದಲ್ಲೇ ಆಗಿಹೋಗಲಿ.