ವರ್ಷಗಟ್ಟಲೆ ನಿಂತಿದ್ದ ಹಳೆ ಕಾರನ್ನು ರಿಪೇರಿ ಮಾಡೋಕೆ ಕೊಳ್ಳುವಾಗ ಮೊದಲು ಏನು ನೋಡಬೇಕು?

ತುಕ್ಕು. ಎಂಜಿನ್ ಆಮೇಲೆ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಸರಿ ಮಾಡಬಹುದು, ಇಲ್ಲವೇ ಬೇರೆಯದನ್ನು ಕೂರಿಸಬಹುದು. ಬಾಡಿಯೇ ತುಕ್ಕು ತಿಂದಿದ್ದರೆ ವೆಲ್ಡಿಂಗ್ ಕೆಲಸ ಮುಗಿಯುವುದೇ ಇಲ್ಲ.

ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಬಾಗಿಲ ಕೆಳಭಾಗಕ್ಕೆ, ಚಕ್ರದ ಮೇಲಿನ ಅಂಚಿಗೆ ತಾಗಿಸಿ ನೋಡಿ. ಉಕ್ಕಿನ ಬಾಡಿಯಲ್ಲೂ ಅದು ಅಂಟದೆ ಜಾರಿದರೆ ಬಣ್ಣದ ಕೆಳಗೆ ದಪ್ಪ ಪುಟ್ಟಿ (ತೂತು, ತಗ್ಗು ಮುಚ್ಚೋಕೆ ಮೆತ್ತುವ ಲೇಪ) ಇರುವ ಸಾಧ್ಯತೆ ಜಾಸ್ತಿ. ಕಾರ್ಪೆಟ್ ಎತ್ತಿ ನೆಲವನ್ನೂ ಒತ್ತಿ ನೋಡಿ.

ಚಾಸಿ ನಂಬರ್ ಕಾಗದಪತ್ರಕ್ಕೆ ಹೊಂದಲೇಬೇಕು.

ಕೊಂಡ ಮೇಲೆ ಸುಮ್ನೆ ಕೀ ತಿರುಗಿಸಬೇಡಿ, ದಯವಿಟ್ಟು. ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಒಂದು ದಿನ ಬಿಟ್ಟು ಎಂಜಿನ್ನನ್ನು ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಟ್ಯಾಂಕಿನ ಹಳೆ ಪೆಟ್ರೋಲನ್ನೂ ಖಾಲಿ ಮಾಡಿ.

ರಿಪೇರಿ ಅರ್ಧಕ್ಕೇ ಬಿಟ್ಟು ಮಾರಬೇಕಾದರೆ? ಬಿಚ್ಚಿದ ಭಾಗಗಳಿಗೆಲ್ಲ ಚೀಟಿ ಅಂಟಿಸಿ ಕೊಡಿ.